ಏಳು ದಿನದ ಹೂವು ಒಂದೇ ಸಲ

ಮೊಬೈಲಿನ ಬ್ಯಾಟರಿಗೂ ನನ್ನ ಸಂಸಾರದ ನೆಮ್ಮದಿಗೂ ಇಷ್ಟು ಹತ್ತಿರದ ನಂಟಿದೆ ಎಂದು ಮದುವೆಯಾಗುವಾಗ ಯಾರೂ ಹೇಳಲಿಲ್ಲ. ನಮ್ಮ ಅತ್ತೆ ಬುವಾಲೈ ಇರುವುದು ದೂರದ ನಖೋನ್ ಸವಾನಿನಲ್ಲಿ. (ದೂರ ಎಂಬುದನ್ನು ನಾನು ದುಃಖದಿಂದ ಹೇಳುತ್ತಿಲ್ಲ.) ನಮ್ಮ ಕಡೆ ವಾರದ ಒಂದೊಂದು ದಿನಕ್ಕೂ ಒಂದೊಂದು ಬಣ್ಣ. ದಿನಾ ಬೆಳಿಗ್ಗೆ ಅವರು ಆಯಾ ದಿನದ ಬಣ್ಣದ ಹೂವಿನ ಚಿತ್ರ ಕಳಿಸಿ ಶುಭೋದಯ ಹೇಳುತ್ತಾರೆ. ಸೋಮವಾರ ಹಳದಿ, ಮಂಗಳವಾರ ಗುಲಾಬಿ, ಬುಧವಾರ ಹಸಿರು. ನಾನೂ ಅದೇ ಬಣ್ಣದ್ದನ್ನು ವಾಪಸ್ ಕಳಿಸಬೇಕು. ತಪ್ಪಿದರೆ ಅಳಿಯನಿಗೆ ಸೊಕ್ಕು ಎಂದು ಊರೆಲ್ಲ ಸುದ್ದಿ.

ನಾನಿರುವುದು ಚಂತಾಬುರಿಯ ಡುರಿಯನ್ ಹಣ್ಣಿನ ತೋಟದ ಗುಡ್ಡದ ಮೇಲೆ. ಕರೆಂಟಿಲ್ಲ, ಮಳೆಗಾಲದಲ್ಲಿ ಸೋಲಾರ್ ಕೈಕೊಡುತ್ತದೆ, ಟವರ್ ಎರಡು ಗುಡ್ಡದಾಚೆ. ಸಿಗ್ನಲ್ ಹುಡುಕಿ ಹುಡುಕಿಯೇ ಫೋನು ಪ್ರಾಣ ಬಿಡುತ್ತದೆ. ಹೋದ ವಾರ ಎರಡು ದಿನ ಹೂವು ತಪ್ಪಿತು.

"ಇನ್ನೊಂದು ದಿನ ಉತ್ತರ ಬರ್ಲಿಲ್ಲಾಂದ್ರೆ ಅಮ್ಮ ಇಲ್ಲಿಗೇ ಬಂದು ಇದ್ಬಿಡ್ತಾರಂತೆ," ಎಂದಳು ಹೆಂಡತಿ ಪಿಂಪಾ.

ಪ್ರಾಣ ಹೋದರೂ ಸರಿ, ಬ್ಯಾಟರಿ ಉಳಿಸುತ್ತೇನೆಂದು ಶಪಥ ಮಾಡಿದೆ. ಟವರ್ ರಿಪೇರಿಗೆ ಬಂದಿದ್ದ ಎಂಜಿನಿಯರನ್ನು ಹಿಡಿದು ಕೂರಿಸಿಕೊಂಡೆ.

"ಮೆಸೇಜ್ ಚಿಕ್ಕದೇ ಇರ್ಬೋದು ಅಣ್ಣ," ಎಂದ ಆತ. "ಆದ್ರೆ ಕಳಿಸಾದ್ಮೇಲೂ ಇನ್ನೇನಾದ್ರೂ ಇದ್ಯಾ ಅಂತ ಫೋನು ಸ್ವಲ್ಪ ಹೊತ್ತು ಎದ್ದೇ ಕೂತಿರುತ್ತೆ. ಬ್ಯಾಟರಿ ತಿನ್ನೋದು ಅದೇ. ಎಲ್ಲಾ ಕೂಡಿಸಿಟ್ಟು ಒಟ್ಟಿಗೇ ಕಳಿಸಿ, ಆಮೇಲೆ ಡೇಟಾ ಮಲಗಿಸಿ."

ನನಗೆ ಜ್ಞಾನೋದಯವಾಯಿತು. ಬಣ್ಣಗಳು ಹೇಗೂ ಗೊತ್ತಿರುವಾಗ ದಿನಾ ಯಾಕೆ ಒದ್ದಾಡಬೇಕು? ಸೋಮವಾರ ಬೆಳಿಗ್ಗೆ ಏಳೂ ಹೂವನ್ನು ಒಂದೇ ಏಟಿಗೆ ಕಳಿಸಿದೆ. "ಈ ವಾರದ್ದೆಲ್ಲ ಇಲ್ಲಿದೆ ಅತ್ತೆ. ಇನ್ನು ನನ್ನ ಉತ್ತರಕ್ಕೆ ಕಾಯಬೇಡಿ" ಎಂದು ವಿನಯದಿಂದ ಬರೆದೆ. ಡೇಟಾ ಮಲಗಿಸುವುದೇನು, ಎರಡೂ ಫೋನನ್ನೇ ಆಫ್ ಮಾಡಿದೆ.

"ರೀ, ನಂದನ್ನೂ ಯಾಕ್ರೀ?"

"ಉಳಿಸೋದು ಅಂದ್ಮೇಲೆ ಪೂರ್ತಿ ಉಳಿಸ್ಬೇಕು ಕಣೇ."

"ಈ ಹಟ ಬೇಲಿ ಕಟ್ಟೋದ್ರಲ್ಲಿ ಇದ್ದಿದ್ರೆ ತೋಟಕ್ಕೆ ಆನೆನಾದ್ರೂ ಬರ್ತಿರ್ಲಿಲ್ಲ!"

ಮಂಗಳವಾರ ಮಧ್ಯಾಹ್ನ ಮರದ ಮೇಲೆ ಕೂತು ಡುರಿಯನ್ ಕಾಯಿಗಳು ಬೀಳದಂತೆ ಹಗ್ಗ ಬಿಗಿಯುತ್ತಿದ್ದೆ. ಪಿಕಪ್ ಗಾಡಿಯೊಂದು ಏದುತ್ತ ಗುಡ್ಡ ಹತ್ತಿತು. ಕಪ್ಪು ಬಟ್ಟೆ ತೊಟ್ಟ ಅತ್ತೆ ಇಳಿದರು. ಹಿಂದೆಯೇ ಕಪ್ಪು ಬಟ್ಟೆಯ ಮೂವರು ಚಿಕ್ಕತ್ತೆಯರು, ಅವರ ಕೈಯಲ್ಲಿ ಶವಕ್ಕಿಡುವ ದೊಡ್ಡ ಹೂಚಕ್ರ. ಅದರ ಮೇಲೆ ನನ್ನ ಹೆಸರು ಅಂದವಾಗಿಯೇ ಬರೆಸಿದ್ದರು.

"ಅತ್ತೇ!" ಎಂದೆ ಮೇಲಿಂದ.

ಚಿಕ್ಕತ್ತೆಯರು ಕಿಟಾರನೆ ಕಿರುಚಿ ಗಾಡಿಯ ಹಿಂದೆ ಓಡಿದರು. ಅತ್ತೆ ಮಾತ್ರ ಅಲ್ಲೇ ನಿಂತು ಗಳಗಳನೆ ಅತ್ತರು.

"ಬದುಕಿರೋ ಮನುಷ್ಯ ಭಾನುವಾರದ ಹೂವನ್ನ ಸೋಮವಾರ ಕಳಿಸ್ತಾನೇನ್ರೀ? ಕಾಯಬೇಡಿ ಅಂತ ಬೇರೆ! ಫೋನ್ ಮಾಡಿದ್ರೆ ಇಬ್ರುದೂ ಬಂದ್!"

ನನಗೆ ನಿಜಕ್ಕೂ ನಾಚಿಕೆಯಾಯಿತು. ಇಳಿದು ಬಂದು ಕೈ ಮುಗಿದು ಟವರು, ಬ್ಯಾಟರಿ, ಫೋನಿನ ನಿದ್ದೆ ಎಲ್ಲವನ್ನೂ ವಿವರಿಸಿದೆ. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಅತ್ತೆ ನನ್ನ ಮಾತನ್ನು ಪೂರ್ತಿ ಕೇಳಿದರು. ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದರು.

"ಪಾಪ, ನನಗೋಸ್ಕರ ಎಷ್ಟು ಒದ್ದಾಡಿದಾರೆ ನೋಡೇ. ನಾನು ಅಲ್ಲಿ, ಇವರು ಇಲ್ಲಿ ಇರೋದ್ರಿಂದ ತಾನೇ ಬ್ಯಾಟರಿ ಖರ್ಚು? ಗಾಡೀಲಿರೋ ನನ್ನ ಪೆಟ್ಟಿಗೆ ಇಳಿಸು."

ಈಗ ನನ್ನ ಫೋನು ನಾಲ್ಕು ದಿನವಾದರೂ ಸಾಯುವುದಿಲ್ಲ. ಬೆಳಿಗ್ಗೆ ಐದಕ್ಕೆ ಅತ್ತೆ ಬಾಗಿಲು ಬಡಿದು ಶುಭೋದಯ ಹೇಳುತ್ತಾರೆ. ನಾನು ಎದ್ದು ಬಂದು ಉತ್ತರ ಕೊಡುವವರೆಗೂ ಬಡಿಯುತ್ತಲೇ ಇರುತ್ತಾರೆ.