ಮೆಣಸಿಗಾಗಿ ನದಿ ದಾಟಿದ್ದು

ಹೆಂಡತಿಯನ್ನು ಕಂಪನಿಯ ಮುಖ್ಯಸ್ಥೆ ಎಂದು ಒಪ್ಪಿ ಸಹಿ ಹಾಕುವ ಮುನ್ನ ಗಂಡಸಾದವನು ಯೋಚಿಸಬೇಕು. ನಾನು ಯೋಚಿಸಲಿಲ್ಲ (ಬಾಯಿ ತುಂಬ ಹಣ್ಣಿನ ಹೂರಣದ ಪೈ ಇತ್ತು). ಹಾಗಾಗಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ನಾನೂ ನನ್ನ ಹೆಂಡತಿ ಮರ್ಟಲ್ಲೂ ಸೇರಿ ಕಟ್ಟಿದ ಪೈ ಅಂಗಡಿಯಲ್ಲಿ, ಅಂದರೆ ನಮ್ಮ ಸೀಮಿತ ಹೊಣೆಗಾರಿಕೆಯ ಕಂಪನಿಯಲ್ಲಿ, ಯಾವ ಪೈಗೆ ಏನು ಬೀಳಬೇಕೆಂಬುದು ಅವಳ ಮರ್ಜಿ.

ಸೇಬಿನ ಪೈಗೆ ಚಿಟಿಕೆ ಕರಿಮೆಣಸು ಬಿದ್ದರೆ ಲೋಕವೇ ಬಾಯಿ ಚಪ್ಪರಿಸೀತೆಂಬುದು ನನ್ನ ಅಚಲ ನಂಬಿಕೆ. ಮರ್ಟಲ್ ಒಪ್ಪಲಿಲ್ಲ. ಆಗ ನನಗೆ ಜ್ಞಾನೋದಯವಾಯಿತು. ಓಹಾಯೋ ನದಿಯ ಆಚೆ ದಡ ಕೆಂಟಕಿ. ರಾಜ್ಯ ಬೇರೆ, ಕಾನೂನು ಬೇರೆ. ಅಲ್ಲೊಂದು ಶಾಖೆ ತೆರೆದರೆ ಇಲ್ಲಿಯ ಕರಾರು ಸೇತುವೆ ದಾಟೀತೇ? ಶಾಖೆಗೆ ನಾನೇ ಚಕ್ರವರ್ತಿ! ಬೆನ್ನುಬಿದ್ದು ಅವಳನ್ನು ಒಪ್ಪಿಸಿದೆ. ಮೆಣಸಿನ ವಿಷಯ ಮಾತ್ರ ಹೊಟ್ಟೆಯಲ್ಲೇ ಇಟ್ಟುಕೊಂಡೆ.

ಇಬ್ಬರೂ ವಕೀಲೆ ಥಿಯೋಡೋರಾ ಅವರ ಬಳಿ ಹೋದೆವು. ಕೆಂಟಕಿಯವರ ಲೆಕ್ಕದಲ್ಲಿ ನಮ್ಮದು ಪರದೇಶಿ ಕಂಪನಿಯಂತೆ (ಮದುವೆಯಾದಾಗಿನಿಂದ ನಾನು ಪರದೇಶಿಯೇ, ಹೊಸದೇನಲ್ಲ). ಮೊದಲು ಅಲ್ಲಿ ನೋಂದಾಯಿಸಿಕೊಳ್ಳಬೇಕು, ಇಲ್ಲದಿದ್ದರೆ ಅಲ್ಲಿಯ ಕೋರ್ಟಿನಲ್ಲಿ ದಾವೆ ಹೂಡುವಂತಿಲ್ಲ. ತೆರಿಗೆ, ಅಡುಗೆಮನೆಯ ಶುಚಿತ್ವ, ಎಲ್ಲಕ್ಕೂ ಅಲ್ಲಿಯ ನಿಯಮವೇ ಎಂದರು.

"ಹಾಗಾದ್ರೆ ಯಾರ ಮಾತು ನಡೀಬೇಕು ಅನ್ನೋದಕ್ಕೂ ಕೆಂಟಕಿ ಕಾನೂನೇ ಅಲ್ವಾ ಮೇಡಂ?" ಎಂದೆ, ಆದಷ್ಟೂ ಅಮಾಯಕನಂತೆ.

"ಅದಕ್ಕಲ್ಲ. ಕಂಪನಿಯ ಒಳಗಿನ ಸಂಸಾರಕ್ಕೆ ಅದು ಹುಟ್ಟಿದ ರಾಜ್ಯದ ಕಾನೂನೇ. ನೀವು ಎಲ್ಲಿಗೇ ಹೋದ್ರೂ ಇಂಡಿಯಾನಾ ನಿಮ್ಮ ಜೊತೆಗೇ ಬರುತ್ತೆ."

ಮರ್ಟಲ್ ನಿಧಾನಕ್ಕೆ ನನ್ನ ಕಡೆ ತಿರುಗಿದಳು. "ಮೆಣಸಿಗೋಸ್ಕರ ನದಿ ದಾಟೋಕೆ ಹೊರಟಿದ್ಯಾ ನೀನು?"

ನಾನು ಕಿಟಕಿಯಾಚೆಗಿನ ಪ್ರಕೃತಿ ಸೌಂದರ್ಯದಲ್ಲಿ ಮುಳುಗಿದೆ (ಅಲ್ಲಿದ್ದದ್ದು ಗೋಡೆ).

ಇನ್ನೊಂದು ವಿಷಯವಿತ್ತು. ಕಂಪನಿಯ ಪರವಾಗಿ ಕೋರ್ಟಿನ ಕಾಗದಪತ್ರ ಸ್ವೀಕರಿಸಲು ಕೆಂಟಕಿಯಲ್ಲೇ ಇರುವ ಒಬ್ಬರು ಬೇಕು. ಮರ್ಟಲ್ ಸ್ವಲ್ಪವೂ ತಡಮಾಡದೆ, "ನಮ್ಮಮ್ಮ ಅಲ್ಲೇ ಇದ್ದಾರಲ್ಲ" ಎಂದಳು.

ಕಾಗದ ಬಂದರೆ ತೆಗೆದುಕೊಳ್ಳುವುದಷ್ಟೇ ಕೆಲಸ. ನಮ್ಮತ್ತೆ ಹೆಟ್ಟಿ ಅದನ್ನು ರಾಜ್ಯಪಾಲರ ಹುದ್ದೆಯೆಂದೇ ಭಾವಿಸಿದರು. ಶಾಖೆ ತೆರೆದ ದಿನ ಬೆಳಗ್ಗೆಯೇ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕುಳಿತರು.

ಅಂದು ಒಲೆಯಿಂದ ಇಳಿದ ಒಂದು ಪೈ ಘಮ್ಮೆಂದಿತು. ಮೆಣಸು! ಮರ್ಟಲ್ ನನ್ನತ್ತ ನೋಡದೆ, "ಒಂದೇ ಒಂದು. ಹೋಗುತ್ತಾ ನೋಡೋಣ" ಎಂದಳು. ನನ್ನ ಕಣ್ಣು ಒದ್ದೆಯಾಯಿತು, ಮೆಣಸಿನ ಘಾಟಿಗಲ್ಲ. ಮಧ್ಯಾಹ್ನದೊಳಗೆ ತಟ್ಟೆ ಖಾಲಿ. ಎದೆಯುಬ್ಬಿಸಿ ಹೊರಬಂದರೆ ಅತ್ತೆ ಗಿರಾಕಿಗಳಿಗೆ ಸಾರುತ್ತಿದ್ದರು: "ಮೆಣಸಿನ ಉಪಾಯ ನನ್ನ ಮಗಳದ್ದು. ಅಳಿಯ ಬೇಡವೇ ಬೇಡ ಅಂತಿದ್ದ, ಪಾಪ."

ನಾನು ಬಾಯಿ ತೆರೆದೆ. ಒಳಗಿನಿಂದ ಮರ್ಟಲ್, "ನಾಳೆಗೆ ಹತ್ತು ಮಾಡೋಣ ಕಣೋ" ಎಂದಳು.

ಬಾಯಿ ಮುಚ್ಚಿಕೊಂಡು ಹೋಗಿ ಮೆಣಸು ಕುಟ್ಟತೊಡಗಿದೆ.