ಮುಖ್ಯ ಅತಿಥಿಗಳ ಮೊದಲ ಚೆಂಡು

ಏಳು ಸಾವಿರ ರೂಪಾಯಿ. ನನ್ನ ನಾದಿನಿ ವನಜಾಳ ವೃತ್ತಿಗೆ ನಾನು ಹೂಡಿದ ಬಂಡವಾಳ ಇಷ್ಟೇ. ಅಷ್ಟಕ್ಕೆ ಬಂದದ್ದು ಒಂದು ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ. ಅಂಗಡಿಯವನು ಹನ್ನೆರಡು ಹೇಳಿದ್ದ. ಮೆಟ್ಟಿಲಿಳಿದು ಹೊರಟೇಹೋದವನಂತೆ ನಟಿಸಿ ಏಳಕ್ಕೆ ತಂದೆ, ಮೇಲೊಂದು ಚೀಲವನ್ನೂ ಕಿತ್ತುಕೊಂಡೆ. ಯಾಕೆ ಕೊಡಿಸಿದೆ ಎಂದರೆ ಪ್ರೀತಿಯಿಂದ ಎನ್ನಬಹುದಿತ್ತು. ಆದರೆ ಇದನ್ನು ನನ್ನ ಹೆಂಡತಿಯೂ ಓದುತ್ತಾಳೆ. ನಿಜ ಏನೆಂದರೆ, ಪೀಣ್ಯದಲ್ಲಿ ನನ್ನದೊಂದು ಟ್ರೋಫಿ, ಜೆರ್ಸಿಗಳ ಅಂಗಡಿಯಿದೆ. ಒಂದು ಕಾರ್ಖಾನೆಯ ಕ್ರಿಕೆಟ್ ಟೂರ್ನಿ ಪೇಪರಿನಲ್ಲಿ ಬಂದರೆ ಪಕ್ಕದ ಕಾರ್ಖಾನೆಗೂ ಆಸೆ ಹುಟ್ಟುತ್ತದೆ. ಆಸೆ ಹುಟ್ಟಿದ ಕಡೆ ಟ್ರೋಫಿ ಬೇಕೇ ಬೇಕು.

ವನಜಾ ಕಾಲೇಜಿನಲ್ಲಿ ವಾಲಿಬಾಲ್ ಆಡುತ್ತಿದ್ದವಳು. ಮಂಡಿ ಕೈಕೊಟ್ಟ ಮೇಲೆ ಜಾಲಹಳ್ಳಿಯ ನಮ್ಮ ಮನೆಗೆ ಬಂದಳು. ಒಂದು ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ಘೋಷಿಸಿದಳು: "ಭಾವ, ನಾನು ಸ್ಪೋರ್ಟ್ಸ್ ಪಿ.ಆರ್. ಮಾಡ್ತೀನಿ."

"ಹಂಗಂದ್ರೇನಮ್ಮ?"

"ಆಡೋರು ಆಡ್ತಾರೆ. ಅವರು ಆಡಿದ್ದು ಊರಿಗೆ ಗೊತ್ತಾಗೋ ಹಂಗೆ ನೋಡ್ಕೊಳ್ಳೋದು."

"ಅದಕ್ಕೂ ದುಡ್ಡು ಕೊಡ್ತಾರಾ?"

"ನಿಮ್ಮ ಟ್ರೋಫಿಗೆ ಕೊಡಲ್ವಾ? ಅದೂ ಬರೀ ತಗಡೇ ತಾನೆ!"

ಅಡುಗೆಮನೆಯಿಂದ ನನ್ನ ಹೆಂಡತಿ ನಕ್ಕದ್ದು ಅಗತ್ಯಕ್ಕಿಂತ ಜಾಸ್ತಿಯಾಗಿತ್ತು.

ನಾನೂ ಬರಿಗೈಯಲ್ಲಿ ಬಂದು ಅಂಗಡಿ ಕಟ್ಟಿದವನು, ಜನರನ್ನು ಅಳೆಯುವುದು ನನಗೆ ಗೊತ್ತು ಎಂದುಕೊಂಡಿದ್ದೆ. ಈ ಹುಡುಗಿಯನ್ನು ಮಾತ್ರ ಕಡಿಮೆ ಅಳೆದಿದ್ದೆ. ಪತ್ರಿಕೆಯ ಕ್ರೀಡಾ ವಿಭಾಗದವರಿಗೆ ಸಂಜೆ ಫೋನ್ ಮಾಡಿದರೆ ಬೈಯುತ್ತಾರೆ, ಮಧ್ಯಾಹ್ನ ಹೋದರೆ ಕುರ್ಚಿ ಕೊಡುತ್ತಾರೆ ಎಂಬುದನ್ನು ಅವಳು ಮೊದಲ ವಾರವೇ ಕಂಡುಕೊಂಡಳು. ಕಾರ್ಖಾನೆಯವರು ಬರೆದು ಕಳಿಸುತ್ತಿದ್ದ ಸುದ್ದಿಯಲ್ಲಿ ಮಾನ್ಯ ನಿರ್ದೇಶಕರು, ಗೌರವಾನ್ವಿತ ಉಪನಿರ್ದೇಶಕರು, ದೀಪ, ಪ್ರಾರ್ಥನೆ, ವಂದನಾರ್ಪಣೆ ಎಲ್ಲ ಇರುತ್ತಿತ್ತು; ಗೆದ್ದವರು ಯಾರು ಎನ್ನುವುದು ಮಾತ್ರ ಇರುತ್ತಿರಲಿಲ್ಲ. ಅವಳು ಸ್ಕೋರನ್ನು ಮೊದಲ ಸಾಲಿಗೆ ತಂದಳು. ಮಾನ್ಯರೆಲ್ಲ ಕೆಳಗಿಳಿದರು. ಸುದ್ದಿ ಅಚ್ಚಾಗತೊಡಗಿತು.

ಹೀಗಿರುವಾಗ ಪೀಣ್ಯದ ಯಂತ್ರೋಪಕರಣ ಕಾರ್ಖಾನೆಯೊಂದು ಅವಳನ್ನು ಕರೆಯಿತು. ಅಲ್ಲಿನ ಎಚ್.ಆರ್. ಮ್ಯಾನೇಜರ್ ಪ್ರಸಾದ್ ಅವರ ಷರತ್ತು ಸರಳವಾಗಿತ್ತು: ಈ ಟೂರ್ನಿಯ ಫೋಟೊ ಪೇಪರಿನಲ್ಲಿ ಬಂದರೆ ವರ್ಷವಿಡೀ ಅವರ ಕ್ರೀಡಾ ಪ್ರಚಾರದ ಕೆಲಸ ಅವಳದೇ, ಬಾರದಿದ್ದರೆ ನಮಸ್ಕಾರ. ವನಜಾಳಿಗೆ ಅದು ಮೊದಲ ದೊಡ್ಡ ಕೆಲಸ. ಅದು ತಪ್ಪಿದರೆ ಅವಳ ಅಪ್ಪ ಊರಿಗೆ ವಾಪಸು ಕರೆದುಕೊಳ್ಳುವವರಿದ್ದರು.

ಕಾರ್ಖಾನೆ ಟೂರ್ನಿಗಳಲ್ಲಿ ಒಂದು ಸಂಪ್ರದಾಯವುಂಟು. ಮೊದಲ ಚೆಂಡನ್ನು ಮುಖ್ಯ ಅತಿಥಿಗಳು ಆಡಬೇಕು. ಬೌಲರ್ ದೇವರಿಗೆ ಹೂವು ಏರಿಸುವಂತೆ ಚೆಂಡು ಹಾಕಬೇಕು, ಅತಿಥಿಗಳು ಅದನ್ನು ಎತ್ತಲೋ ತಳ್ಳಲೋ ಬೇಕು, ಫೀಲ್ಡರುಗಳು ಅದನ್ನು ಹಿಡಿಯದಂತೆ ಎಚ್ಚರ ವಹಿಸಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು. ಟೂರ್ನಿಯ ದಿನ ವನಜಾಳ ಜೊತೆ ನಾನೂ ಮೈದಾನಕ್ಕೆ ಹೋಗಿದ್ದೆ. ಆ ದಿನದ ಅತಿಥಿ ಕಾರ್ಖಾನೆಯ ಎಂ.ಡಿ. ಸಾಹೇಬರೇ. ಬೌಲರ್ ಲೇತ್ ವಿಭಾಗದ ಮಂಜುನಾಥ. ಪಾಪ, ಅವನು ನಿಧಾನವಾಗಿಯೇ ಹಾಕಿದ. ಚೆಂಡು ಮ್ಯಾಟಿನ ಅಂಚಿಗೆ ಬಿದ್ದು, ಬೇರೆಲ್ಲೋ ಕೆಲಸವಿದ್ದಂತೆ ಒಳಕ್ಕೆ ತಿರುಗಿ, ಸಾಹೇಬರ ಮಧ್ಯದ ಸ್ಟಂಪನ್ನು ಕಿತ್ತು ಹಾಕಿತು.

ವನಜಾಳ ಕ್ಯಾಮೆರಾ ಅದೇ ಕ್ಷಣಕ್ಕೆ ಕ್ಲಿಕ್ಕೆಂದಿತು. ಅಂಪೈರ್ ಅಕೌಂಟ್ಸ್ ವಿಭಾಗದವರು. ಇನ್‌ಕ್ರಿಮೆಂಟ್ ನೆನಪಾಗಿರಬೇಕು, ಬಲಗೈ ಚಾಚಿ "ನೋ ಬಾಲ್!" ಎಂದು ಕಿರುಚಿದರು. ಪ್ರಸಾದ್ ನಮ್ಮ ಕಡೆಗೆ ಓಡಿ ಬಂದರು.

"ಮೇಡಂ, ಆ ಫೋಟೊ ಡಿಲೀಟ್ ಮಾಡಿ, ಕೈ ಮುಗೀತೀನಿ."

ನಾನು ಸುಮ್ಮನಿರಬೇಕಲ್ಲವೇ? ವ್ಯಾಪಾರಿ ಬುದ್ಧಿ ಮುಂದೆ ಹಾರಿತು. "ಇನ್ನೊಂದ್ ಬಾಲ್ ಹಾಕ್ಸಿ ಸಾರ್, ಒಳ್ಳೆ ಫೋಟೊ ತೆಗ್ಸೋಣ. ಸಾಹೇಬ್ರಿಗೆ ನಮ್ಮ ಅಂಗಡಿಯಿಂದ ಒಂದು ಮೊಮೆಂಟೊ ಫ್ರೀ."

"ಭಾವ, ನೀವು ಸ್ವಲ್ಪ ಆ ಕಡೆ ಹೋಗಿ," ಎಂದಳು ವನಜಾ. ಹೋದೆ. ಆದರೆ ಕೇಳಿಸುವಷ್ಟು ಹತ್ತಿರದಲ್ಲೇ ನಿಂತೆ.

ಅವಳು ಮೊದಲು ಹೋದದ್ದು ಮಂಜುನಾಥನ ಬಳಿಗೆ. ಅವನು ಬೆವರುತ್ತಿದ್ದ. "ಅಕ್ಕಾ, ನನ್ ಹೆಸರು ಮಾತ್ರ ಹಾಕ್ಬೇಡಿ. ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ." "ನೀವು ಒಪ್ಪದೆ ಹಾಕಲ್ಲ. ನನ್ ಜೊತೆ ಬನ್ನಿ," ಎಂದು ಅವನನ್ನು ಕರೆದುಕೊಂಡು ನೇರ ಸಾಹೇಬರ ಮುಂದೆ ನಿಂತಳು.

"ಸಾರ್, ಮುಖ್ಯ ಅತಿಥಿ ಬ್ಯಾಟ್ ಬೀಸಿದ ಫೋಟೊ ಪೇಪರ್‌ನವರ ಹತ್ರ ಮೂಟೆಗಟ್ಟಲೆ ಬಿದ್ದಿದೆ. ಅದನ್ನ ಕಳಿಸಿದ್ರೆ ಯಾರೂ ಹಾಕಲ್ಲ. ಎಂ.ಡಿ.ನ ಅವರದೇ ಆಪರೇಟರ್ ಔಟ್ ಮಾಡಿದ ಫೋಟೊ ಯಾರ ಹತ್ರಾನೂ ಇಲ್ಲ. ನೀವು ಇವರ ಕೈ ಕುಲುಕಿದ್ರೆ ಎರಡೂ ಫೋಟೊ ಜೊತೇಲಿ ಕಳಿಸ್ತೀನಿ. ಬೇಡ ಅಂದ್ರೆ ಈಗಲೇ ಅಳಿಸಿಬಿಡ್ತೀನಿ."

"ಪೇಪರ್ ನಮ್ಮನೆಯವಳೂ ಓದ್ತಾಳೆ ಕಣಮ್ಮ," ಎಂದರು ಸಾಹೇಬರು.

"ಒಳ್ಳೇದೇ ಆಯ್ತು ಸಾರ್. ಇಂಥ ಕಡೆ ಕೆಲಸ ಮಾಡ್ಬೇಕು ಅಂತ ಅನ್ಸೋ ಜನಾನೂ ಓದ್ತಾರೆ."

ಸಾಹೇಬರು ಬಿದ್ದ ಸ್ಟಂಪನ್ನು ನೋಡಿದರು, ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ ಅಂಪೈರನ್ನು ನೋಡಿದರು. "ಮೊದಲು ಅವರಿಗೆ ಕೈ ಇಳಿಸಕ್ಕೆ ಹೇಳಿ. ಔಟು ಅಂದ್ರೆ ಔಟೇ," ಎಂದು ಮಂಜುನಾಥನ ಕೈ ಹಿಡಿದು ಜೋರಾಗಿ ನಕ್ಕರು. ಮಂಜುನಾಥನೂ ನಕ್ಕ. "ಈಗ ಹೆಸರು ಹಾಕ್ಲಾ?" ಎಂದು ವನಜಾ ಕೇಳಿದಾಗ, "ಇನಿಶಿಯಲ್ಲೂ ಹಾಕಿ ಅಕ್ಕಾ," ಎಂದ.

ಫೋಟೊ ಮೂರು ಕಾಲಂ ಬಂತು. ಕೆಲಸ ಅವಳದಾಯಿತು. ಅಲ್ಲಿಂದ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳ ಓಟ, ವೈಟ್‌ಫೀಲ್ಡಿನ ಬ್ಯಾಡ್ಮಿಂಟನ್, ಹೀಗೆ ಊರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅವಳ ಹೆಸರು ಓಡಾಡಿತು. ಈಗ ಅವಳ ಕೈಕೆಳಗೆ ನಾಲ್ಕು ಜನರಿದ್ದಾರೆ. ಟ್ರೋಫಿ ಬೇಕಾದಾಗ ಅವಳು ಮೂರು ಅಂಗಡಿಗಳಿಂದ ದರ ತರಿಸುತ್ತಾಳೆ. ನನ್ನದು ಮೂರರಲ್ಲಿ ಒಂದು. ಯಾವಾಗಲೂ ಅದೇ ಗೆಲ್ಲುವುದಿಲ್ಲ.

ಆದ್ದರಿಂದ, ನಿಮ್ಮ ಮನೆಯ ಮಗಳೋ ಮಗನೋ ಈ ಕೆಲಸಕ್ಕೆ ಹೊರಟರೆ ಹೆದರಬೇಡಿ. ಮೊದಲು ಆಟ ನೋಡಲು ಕಲಿಯಲಿ, ಆಮೇಲೆ ಬರೆಯಲು. ಸುದ್ದಿಯಲ್ಲಿ ಸ್ಕೋರು ಮೇಲಿರಲಿ, ಸಾಹೇಬರು ಕೆಳಗಿರಲಿ. ಆಟಗಾರನನ್ನು ಕೇಳದೆ ಅವನ ಹೆಸರು ಎಲ್ಲಿಗೂ ಹೋಗದಿರಲಿ. ಸೋತದ್ದನ್ನು ಗೆದ್ದದ್ದೆಂದು ಒಮ್ಮೆ ಬರೆದರೆ ಆ ಪೇಪರಿನ ಬಾಗಿಲು ಮುಚ್ಚಿತೆಂದೇ ತಿಳಿಯಿರಿ. ಇನ್ನು ನೀವು, ಅಂದರೆ ಅನುಭವಸ್ಥರು, ಮೈದಾನಕ್ಕೆ ಹೋಗಲೇಬೇಕೆಂದರೆ ತಿಂಡಿಯ ಉಸ್ತುವಾರಿ ವಹಿಸಿಕೊಳ್ಳಿ. ಫೋಟೊಗ್ರಾಫರುಗಳಿಗೆ ಇಡ್ಲಿ ಬಿಸಿಯಾಗಿ ಸಿಗಬೇಕು, ಚಟ್ನಿ ನೀರಾಗಬಾರದು. ಸಲಹೆ ಕೊಡಬೇಕೆಂದು ತೀರಾ ಅನ್ನಿಸಿದರೆ ನೀವೇ ಒಂದು ಇಡ್ಲಿ ಬಾಯಿಗೆ ಹಾಕಿಕೊಳ್ಳಿ. ನಾನು ಹಾಗೇ ಮಾಡುವುದು. ತೂಕ ಸ್ವಲ್ಪ ಏರಿದೆ, ಅಷ್ಟೇ.