ಉಕ್ಕದ ಹಾಲು

ನನಗೆ ಬೇಗ ಕೋಪ ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ಹಗುರ. ಭದ್ರಾವತಿಯ ಒಂದು ಸಣ್ಣ ಲ್ಯಾಬಿನಲ್ಲಿ ವರ್ಷಗಟ್ಟಲೆ ಊರಿನವರ ರಕ್ತ ತೆಗೆದವಳು ನಾನು. ಬೆಳಗಿನ ಕಾಫಿಯನ್ನೂ ಕುಡಿಯದೆ ಖಾಲಿ ಹೊಟ್ಟೆಯಲ್ಲಿ ಬಂದು ಕೂತ ಸಕ್ಕರೆ ಕಾಯಿಲೆಯವರು ಎಷ್ಟು ಸಿಡುಕುತ್ತಾರೆ ಎಂಬುದು ಅವರ ಮನೆಯವರಿಗಿಂತ ನನಗೆ ಚೆನ್ನಾಗಿ ಗೊತ್ತು. ಅವರ ಮುಂದೆ ನಾನು ಸಿಡುಕುವ ಹಾಗಿಲ್ಲ, ಕೈಯಲ್ಲಿ ಸೂಜಿ ಇರುತ್ತದೆ. ಹಾಗಾಗಿ ಅಲ್ಲಿ ತಡೆದುಕೊಂಡದ್ದನ್ನೆಲ್ಲ ಜೋಪಾನವಾಗಿ ಮನೆಗೆ ತರುತ್ತೇನೆ. ನಾನು ಪಾತ್ರೆ ಇಡುವ ಸದ್ದಿನ ಮೇಲೆ ನಮ್ಮ ಮನೆಯವರು ಹಜಾರದಲ್ಲಿ ಕೂರಬೇಕೋ, ಹೊರಗೆ ಹೋಗಿ ಮರದ ಕಟ್ಟೆ ಮೇಲೆ ಕೂರಬೇಕೋ ಎಂದು ನಿರ್ಧರಿಸುತ್ತಾರೆ.

ಆದರೆ ಈ ಸಲ ನನಗೆ ಬಂದ ಕೋಪ ನ್ಯಾಯವಾದದ್ದು. ಶಿವಮೊಗ್ಗದ ಆಚೆ, ಕುಂಸಿ ಕಡೆಗೆ ಹೋಗುವ ರಸ್ತೆಯ ಹೊಸ ಬಡಾವಣೆಯಲ್ಲಿ ಡಾಕ್ಟರೊಬ್ಬರು ದೊಡ್ಡ ಲ್ಯಾಬ್ ತೆರೆದರು. ರಕ್ತ ತೆಗೆಯುವ ವಿಭಾಗಕ್ಕೆ ನೀವೇ ಮುಖ್ಯಸ್ಥರಾಗಿ ಬನ್ನಿ ಎಂದು ಕರೆದರು. ಮುಖ್ಯಸ್ಥರು! ನನ್ನನ್ನು ಇಷ್ಟು ವರ್ಷ "ಸೂಜಿ ಸರೋಜಮ್ಮ" ಎಂದು ಕರೆದದ್ದು ಬಿಟ್ಟರೆ ಬೇರೆ ಯಾವ ಪದವಿಯೂ ಸಿಕ್ಕಿರಲಿಲ್ಲ. ಕಷ್ಟ ಒಂದೇ, ಲ್ಯಾಬ್ ಬೆಳಿಗ್ಗೆ ಆರಕ್ಕೆ ತೆರೆಯಬೇಕು. ಭದ್ರಾವತಿಯಿಂದ ಬಸ್ ಹಿಡಿದು, ಶಿವಮೊಗ್ಗ ಸ್ಟ್ಯಾಂಡಿನಲ್ಲಿ ಇಳಿದು, ಸಿಟಿ ಬಸ್‌ಗೆ ಕಾದು ನಾನು ಅಲ್ಲಿಗೆ ತಲುಪುವ ಹೊತ್ತಿಗೆ ಖಾಲಿ ಹೊಟ್ಟೆಯವರೆಲ್ಲ ದೋಸೆ ತಿಂದು ಮನೆ ಸೇರಿರುತ್ತಾರೆ. ಅಂದರೆ ನಾವು ಅಲ್ಲಿಗೇ ಹೋಗಿ ಇರಬೇಕು. ಡಾಕ್ಟರು ಸೋಮವಾರದೊಳಗೆ ಉತ್ತರ ಕೇಳಿದರು.

ಇದನ್ನು ಮನೆಯಲ್ಲಿ ಹೇಳಿದ ದಿನ ನಮ್ಮತ್ತೆ ಬಾಯಿಗೆ ಹಾಕಿಕೊಳ್ಳಬೇಕಿದ್ದ ಎಲೆಅಡಿಕೆಯನ್ನು ಕೈಯಲ್ಲೇ ಹಿಡಿದುಕೊಂಡರು. "ನಿನ್ ಕೆಲಸಕ್ಕೆ ಮನೆಮಂದಿ ಎಲ್ಲಾ ಗುಳೆ ಹೋಗ್ಬೇಕೇನಮ್ಮ?" ಎಂದರು. ನಮ್ಮ ಮನೆಯವರು ಕಾರ್ಖಾನೆಯಿಂದ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡವರು. ಅವರಿಗೆ ಭದ್ರಾವತಿಯಲ್ಲಿ ಇರುವ ಉದ್ಯೋಗವೆಂದರೆ ಸಂಜೆ ಆ ಮರದ ಕಟ್ಟೆ ಮೇಲೆ ಕೂತು ಕಾರ್ಖಾನೆಯ ಭವಿಷ್ಯ ತೀರ್ಮಾನಿಸುವುದು. "ನೋಡು ಮಾರಾಯ್ತಿ, ಒಂದ್ ಸ್ವಲ್ಪ ಬೇಗ ಎದ್ರೆ ಬಸ್ಸಲ್ಲೇ ಹೋಗ್ಬರ್ಬೋದು ಕಣೇ" ಎಂದರು. ಏಳು ಗಂಟೆಗೆ ಮುಂಚೆ ಸೂರ್ಯನನ್ನೇ ನೋಡದ ಮನುಷ್ಯ ನನಗೆ ಬೇಗ ಏಳಲು ಹೇಳುತ್ತಾರೆ! ಪಕ್ಕದ ಕ್ವಾರ್ಟರ್ಸಿನ ಸೆಲ್ವಿ ಮಾತ್ರ, "ಅಯ್ಯೋ ಕಡವುಳೇ, ನೀವ್ ಹೋದ್ರೆ ನಂಗೆ ಯಾರಿದ್ದಾರೆ ಅಕ್ಕಾ?" ಎಂದು ಮೊದಲು ಅತ್ತು, ಆಮೇಲೆ ಕಣ್ಣೊರೆಸಿಕೊಂಡು, "ಆದ್ರೂ ಹೋಗಿ ಅಕ್ಕಾ" ಎಂದಳು.

ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರನ್ನು ಕಾರ್ಖಾನೆಯವರು ಒಂದು ವರ್ಷದ ಮಟ್ಟಿಗೆ ಬಳ್ಳಾರಿ ಕಡೆ ಹಾಕಿದ್ದರು. ಆಗ ಯಾರೂ ಸಭೆ ಸೇರಿಸಲಿಲ್ಲ. ನನ್ನ ಹೊಲಿಗೆ ಕ್ಲಾಸು ಅರ್ಧಕ್ಕೇ ನಿಂತಿತು, ಒಂದು ತೋಳು ಹೊಲಿದ ಬ್ಲೌಸನ್ನು ಹಾಗೇ ಟ್ರಂಕಿಗೆ ತುರುಕಿ ಹೊರಟೆ. ಬಳ್ಳಾರಿಯ ಬಿಸಿಲಿಗೆ, ಹೊಸ ಮನೆಯಲ್ಲಿ ಉಕ್ಕಿಸಲೆಂದು ಇಟ್ಟ ಹಾಲು ಒಡೆದೇ ಹೋಯಿತು. ಜೊತೆಗೆ ಬಂದಿದ್ದ ಅತ್ತೆ, "ಒಳ್ಳೇದೇ ಆಯ್ತು ಬಿಡು, ನನ್ ಮಗನ ಮೇಲಿದ್ದ ದೃಷ್ಟಿಯೆಲ್ಲ ಹೋಯ್ತು" ಎಂದಿದ್ದರು. ಈ ಮಾತು ದಯವಿಟ್ಟು ನೆನಪಿರಲಿ.

ಅಂತೂ ಮನೆ ನೋಡಲು ಹೊರಟೆ. ಆ ಬಡಾವಣೆಯ ಹೆಸರಿನಲ್ಲಿ ತೋಟವೂ ಇದೆ, ತಣ್ಣೆಳಲೂ ಇದೆ. ಬಡಾವಣೆಯಲ್ಲಿ ಇರುವುದು ಜಲ್ಲಿರಾಶಿ ಮತ್ತು ನಾಯಿಗಳು. ಮೊನ್ನೆ ಮೊನ್ನೆವರೆಗೆ ಗದ್ದೆಯಾಗಿತ್ತಂತೆ, ಎಮ್ಮೆಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ, ಅವು ಹಳೆಯ ಅಭ್ಯಾಸದಂತೆ ಬಂದು ಸೈಟುಗಳಲ್ಲಿ ಮಲಗುತ್ತವೆ. ಮನೆ ಮಾಲೀಕರೆಲ್ಲ ಕೇಳಿದ ಪ್ರಶ್ನೆ ಒಂದೇ. "ಯಜಮಾನ್ರಿಗೆ ಎಲ್ಲಿ ಕೆಲಸ?" "ಕೆಲಸ ನನಗೆ ಸಾರ್, ಇಲ್ಲೇ ಲ್ಯಾಬಲ್ಲಿ." "ಅದು ಸರಿ. ಯಜಮಾನ್ರಿಗೆ?" "ಅವರು ರಿಟೈರ್ಡು." "ಓಹೋ. ಹಂಗಾದ್ರೆ ಈ ಕಡೆ ಯಾಕ್ ಬರ್ತಿದ್ದೀರಿ?" ಒಬ್ಬರಂತೂ ಯಜಮಾನರನ್ನು ಕಳಿಸಿಕೊಡಿ, ಅವರ ಹತ್ತಿರ ಮಾತಾಡುತ್ತೇನೆ ಎಂದು ಬಾಗಿಲು ಹಾಕಿಕೊಂಡರು. ಅವರಿಗೆ ಸಕ್ಕರೆ ಕಾಯಿಲೆ ಬಂದು ನನ್ನ ಮುಂದೆಯೇ ತೋಳು ಚಾಚುವಂತಾಗಲಿ ಎಂದು ಗೇಟಿನ ಹೊರಗೆ ನಿಂತು ಹಾರೈಸಿದೆ. ಕೊನೆಗೆ ಮಹಡಿ ಮೇಲೆ ವಾಸವಿದ್ದ ಗಿರಿಜಮ್ಮ ಎಂಬ ಮಾಲಕಿ, ಯಾವ ಪ್ರಶ್ನೆಯನ್ನೂ ಕೇಳದೆ ಕೆಳಗಿನ ಮನೆಯ ಬೀಗದಕೈ ಕೊಟ್ಟರು. ಬೋರ್‌ವೆಲ್ ಮೋಟರು ಆರಿಸಲು ಮರೆಯಬೇಡಿ ಎಂದದ್ದಷ್ಟೇ.

ಮನೆ ಸಿಕ್ಕಿದ್ದೇ ತಡ, ಅತ್ತೆ ಪಂಚಾಂಗ ತೆಗೆದರು. ಆಷಾಢ ಬರುವುದರೊಳಗೆ ಹಾಲು ಉಕ್ಕಿಸಿಬಿಡಬೇಕು, ಹಾಲು ಉಕ್ಕಿದರೆ ಹೋಗುವುದು, ಇಲ್ಲವಾದರೆ ಇಲ್ಲ ಎಂದು ತೀರ್ಪು ಕೊಟ್ಟರು. ಒಲೆ ಮೇಲಿಟ್ಟ ಹಾಲು ಉಕ್ಕದೆ ಎಲ್ಲಿಗೆ ಹೋಗುತ್ತದೆ ಎಂದು ನಾನೂ ಒಪ್ಪಿದೆ. ಶುಕ್ರವಾರ ರಾಹುಕಾಲಕ್ಕೆ ಮುಂಚೆ ಎಂದಾಯಿತು. ಗ್ಯಾಸ್ ಒಲೆ ಒಯ್ಯೋಣ ಎಂದರೆ ನಮ್ಮ ಮನೆಯವರು ಸೊಂಟ ಹಿಡಿದುಕೊಂಡರು. "ಸಿಲಿಂಡರ್ ಎತ್ತೋಕೆ ನನ್ ಕೈಲಾಗಲ್ಲಪ್ಪ. ಇಂಡಕ್ಷನ್ ಸ್ಟೌ ಇದ್ಯಲ್ಲ, ತಗೊಂಡೋಗಣ."

ಹೊಸ ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ, ಹಾಲು ಸುರಿದು ಇಟ್ಟೆವು. ಇವರು ಬಹಳ ತಿಳಿದವರಂತೆ ಹಾಲಿನ ಚಿತ್ರವಿದ್ದ ಗುಂಡಿಯನ್ನೇ ಒತ್ತಿದರು. ನಾವು ಮೂವರೂ, ಮಹಡಿಯಿಂದ ಇಳಿದು ಬಂದ ಗಿರಿಜಮ್ಮನೂ ಕೈಮುಗಿದು ಸುತ್ತ ನಿಂತೆವು. ಹಾಲು ಬಿಸಿಯಾಯಿತು, ಅಂಚಿನಲ್ಲಿ ನೊರೆ ಕಟ್ಟಿತು, ಏರಿತು. ಅತ್ತೆ "ನಾರಾಯಣ" ಎಂದರು. ಅಷ್ಟರಲ್ಲಿ ಸ್ಟೌ ಕುಂಯ್ ಎಂದು ಆರಿಹೋಯಿತು. ಹಾಲು ಉಕ್ಕಿ ಹಾಳಾಗಬಾರದೆಂದು ಆ ಗುಂಡಿಯನ್ನು ಇಟ್ಟಿದ್ದಾರೆ ಎಂಬುದು ನಮಗೆ ಆಗ ತಿಳಿಯಿತು. ಗುಂಡಿ ಬದಲಿಸಿ ಮತ್ತೆ ಒತ್ತುವ ಹೊತ್ತಿಗೆ ಕರೆಂಟು ಹೋಯಿತು. "ಸಂಜೆವರ್ಗೂ ಬರಲ್ಲ, ಲೈನ್ ಕೆಲಸ ಇದೆ" ಎಂದು ಗಿರಿಜಮ್ಮ ತಣ್ಣಗೆ ಹೇಳಿದರು. ಹಾಲು ಕೆನೆ ಕಟ್ಟಿಕೊಂಡು ತೆಪ್ಪಗೆ ಕೂತಿತು. ರಾಹುಕಾಲ ಶುರುವಾಯಿತು.

"ಮನೆ ಒಲ್ಲೆ ಅಂತಿದೆ" ಎಂದರು ಅತ್ತೆ. ನನಗೆ ಮೈಯೆಲ್ಲ ಉರಿದುಹೋಯಿತು. ಮಗನ ಕೆಲಸಕ್ಕೆ ಹಾಲು ಒಡೆದರೆ ದೃಷ್ಟಿ ಹೋದದ್ದು, ಸೊಸೆಯ ಕೆಲಸಕ್ಕೆ ಸ್ಟೌ ಆರಿದರೆ ಅಪಶಕುನ! ನಾನು ಬಾಯಿಗೆ ಬಂದಂತೆ ಮಾತಾಡಿದೆ. ಇವೆಲ್ಲ ಮೂಢನಂಬಿಕೆ ಎಂದೆ, ಲ್ಯಾಬಿನಲ್ಲಿ ಕೆಲಸ ಮಾಡುವವಳಿಗೆ ಇದನ್ನೆಲ್ಲ ಹೇಳಬೇಡಿ ಎಂದೆ, ಹಾಲು ಉಕ್ಕಲಿ ಬಿಡಲಿ ನಾನು ಬರುವವಳೇ, ಯಾರು ಬರದಿದ್ದರೂ ಒಬ್ಬಳೇ ಬಂದು ಇರುತ್ತೇನೆ ಎಂದೆ. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಒಂದು ಕಡೆ, ನಾನು ಒಂದು ಕಡೆ. ನಡುವೆ ನಮ್ಮ ಮನೆಯವರು ಇಂಡಕ್ಷನ್ ಸ್ಟೌವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಶನಿವಾರ ಇವರು ಬೆಳಿಗ್ಗೆಯೇ ಶಿವಮೊಗ್ಗಕ್ಕೆ ಹೋಗಿ ಮಧ್ಯಾಹ್ನ ಸೊಂಟ ಹಿಡಿದುಕೊಂಡು ಬಂದರು. ಕೋಟೆ ಆಂಜನೇಯನ ಗುಡಿಗೆ ಹೋಗಿದ್ದೆ, ಪ್ರದಕ್ಷಿಣೆ ಹಾಕಿ ಬೆನ್ನು ಹಿಡಿದುಕೊಂಡಿತು ಎಂದರು. ಎದ್ದು ನೀರು ಕುಡಿಯದವರಿಗೆ ಈಗ ಭಕ್ತಿ ಬಂತೇ ಎಂದು ಬೈಯುತ್ತಲೇ ಮುಲಾಮು ತಿಕ್ಕಿದೆ. ಸ್ವಲ್ಪ ಜೋರಾಗಿಯೇ ತಿಕ್ಕಿದೆ.

ಭಾನುವಾರ ನಾನು ಹೊರಟೆ. ಚೀಲದಲ್ಲಿ ಅರ್ಧ ಲೀಟರ್ ಹಾಲು, ಒಂದು ಪಾತ್ರೆ, ಸೆಲ್ವಿಯಿಂದ ಕೇಳಿ ತಂದ ಕಾಯಿಲ್ ಸ್ಟೌ ಇದ್ದವು. ಅದಕ್ಕೆ ಇಂಡಕ್ಷನ್ನಿನ ಹಾಗೆ ಬುದ್ಧಿ ಇಲ್ಲ, ಆರಿಸುವವರೆಗೆ ಕಾಯುತ್ತಲೇ ಇರುತ್ತದೆ. ಮೂಢನಂಬಿಕೆ ಎಂದು ಕೂಗಾಡಿದವಳು ನೀನೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಲಿ. ಬೆಳಗಿನ ಜಾವ ಎಚ್ಚರವಾದಾಗ ಆ ಕೆನೆ ಕಟ್ಟಿದ ಹಾಲು ಕಣ್ಣ ಮುಂದೆ ಬಂದು ನನಗೆ ಭಯವಾಗಿತ್ತು. ಈ ವಯಸ್ಸಿನಲ್ಲಿ ಒಂದು ಕೆಲಸ ತಾನಾಗಿ ಕರೆದಿದೆ, ಅದು ಕೈ ತಪ್ಪಿದರೆ ಮತ್ತೊಂದು ಬರುವುದಿಲ್ಲ.

ಬಾಗಿಲು ತೆಗೆದು ಅಡುಗೆಮನೆಗೆ ಹೋದರೆ ಕಟ್ಟೆಯ ತುಂಬ ಹಾಲು ಚೆಲ್ಲಿ ಒಣಗಿತ್ತು, ಇರುವೆ ಸಾಲುಗಟ್ಟಿತ್ತು. ಮೇಲಿನಿಂದ ಗಿರಿಜಮ್ಮ ಬಂದರು. "ನಿನ್ನೆ ನಿಮ್ ಯಜಮಾನ್ರು ಬಂದಿದ್ರಲ್ಲ. ನಮ್ ಒಲೇನ ಸಿಲಿಂಡರ್ ಸಮೇತ ಒಬ್ರೇ ಕೆಳಗಿಳಿಸ್ಕೊಂಡು ಹಾಲು ಉಕ್ಸಿ, ಮತ್ತೆ ಮೇಲಿಟ್ಟು ಹೋದ್ರು. ನಾನು ಬೇಡ ಅಂದೆ ಕಣ್ರೀ, ಕೇಳಲಿಲ್ಲ. ನೀವೇನ್ ಬಂದಿದ್ದು?" "ಪರದೆಗೆ ಕಿಟಕಿ ಅಳತೆ ತಗೊಳ್ಳೋಣಂತ" ಎಂದು ಚೀಲವನ್ನು ಕಾಲ ಹಿಂದಕ್ಕೆ ತಳ್ಳಿದೆ. ಅವರು ಹೋದ ಮೇಲೆ ಕಟ್ಟೆ ಒರೆಸಲು ಕೂತೆ. ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಕೋಪವೂ ಬಂತು. ಸಿಲಿಂಡರ್ ಹೊರುವ ಮನುಷ್ಯನಿಗೆ ಒಂದು ಬಟ್ಟೆ ತೆಗೆದುಕೊಂಡು ಒರೆಸಲು ಏನಾಗಿತ್ತು? ಒರೆಸಿ ಮುಗಿಸಿದ ಮೇಲೆ, ತಂದದ್ದು ತಂದಾಗಿದೆ ಎಂದು ನನ್ನ ಹಾಲನ್ನೂ ಉಕ್ಕಿಸಿದೆ. ಮತ್ತೆ ಒರೆಸಿದೆ.

ಮನೆಗೆ ಬಂದಾಗ ಇವರು ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. "ಕೋಟೆ ಆಂಜನೇಯನ ಗುಡಿಗೆ" ಎಂದೆ. ಅವರು ನನ್ನ ಚೀಲದಿಂದ ಇಣುಕುತ್ತಿದ್ದ ಸ್ಟೌವಿನ ವೈರನ್ನು ನೋಡಿ, "ಪ್ರದಕ್ಷಿಣೆ ಹಾಕಿದ್ಯಾ?" ಎಂದರು. "ಹಾಕ್ದೆ. ನೀವು ಚೆಲ್ಲಿದ್ನೂ ಒರೆಸ್ದೆ" ಎಂದೆ. ಸೋಮವಾರ ಡಾಕ್ಟರಿಗೆ ಬರುತ್ತೇನೆಂದು ಫೋನ್ ಮಾಡಿದೆ.

ಹಾಲು ಉಕ್ಕಿದ ವಿಷಯವನ್ನು ಅತ್ತೆಗೆ ಮಾತ್ರ ನಾವಿಬ್ಬರೂ ಇನ್ನೂ ಹೇಳಿಲ್ಲ. ಮೊದಮೊದಲು ಮುಖ ಊದಿಸಿಕೊಂಡಿದ್ದ ಅವರು ಈಗೀಗ ಹೊಳೆಹೊನ್ನೂರಿನ ತವರಿನವರಿಗೆಲ್ಲ ಫೋನ್ ಮಾಡಿ, "ಹಾಲು ಉಕ್ಕದ ಮನೆಗೆ ಹೊರಟಿದಾಳೆ ನಮ್ ಸೊಸೆ. ಎಂಥ ಧೈರ್ಯ ಅಂತೀರಿ! ಶಕುನ ಗಿಕುನ ಒಂದಕ್ಕೂ ಹೆದರಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿರುತ್ತಾರೆ. ನಾನು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸದ್ದಾಗದಂತೆ ಇಡುತ್ತಾ ಅದನ್ನೆಲ್ಲ ಕೇಳಿಸಿಕೊಳ್ಳುತ್ತೇನೆ.